ಅಪ್ಪಯ್ಯನ ಕೋಣೆ ಬಾಗಿಲು

ಮರುಳಸಿದ್ದ,

ಗಾಡಿ ಬಂದೈತೆ, ನಾನು ಹೊಳಲ್ಕೆರೆ ಸಂತೆಗೆ ಹೊಂಟೀನಿ. ಇವತ್ತು ಅಪ್ಪಯ್ಯನ ಮೈ ತೊಳೆಯೋದು ನಿನ್ನ ಪಾಲು.

ನಿನ್ನೆ ಅವನು ಉಣ್ಣದೆ ಮಲಗಿದ್ದು ಹಟಕ್ಕಲ್ಲ ಕಣೋ. ಕೈ ನಡುಗುತ್ತೆ ಅಂತ ಅವನ ಕೊರಳ ಲಿಂಗ ನೀನೇ ಹಿಡ್ಕಂಡು, ಎಲ್ಲರ ಮುಂದೆ ಪೂಜೆ ಮಾಡಿಸ್ದೆ. ದೀಕ್ಷೆ ಕೊಟ್ಟ ಗುರುಗಳು ಬಿಟ್ಟರೆ ಅದನ್ನ ಇನ್ಯಾರೂ ಮುಟ್ಟಿಲ್ಲ, ಅವ್ವ ಸಹ ಮುಟ್ಟಿರಲಿಲ್ಲ. ಅದು ಅವನಿಗೆ ಪೂಜೆ ಆದಂಗಲ್ಲ. ಪೂಜೆ ಆಗದೆ ಅವನು ಉಣ್ಣಲ್ಲ.

ಬಿಸಿನೀರು ಒಲೆ ಮೇಲೈತೆ. ಸ್ನಾನ ಆದ್ಮೇಲೆ ವಿಭೂತಿ, ಪತ್ರೆ ಅವನ ಮಂಡಿ ಹತ್ರ ಇಟ್ಟು ಬಾಗಿಲು ಎಳ್ಕಂಡು ಬಾ. ತಂಬಿಗೆ ಉರುಳಿದ ಸದ್ದಾದ್ರೂ, ಕರೆಯೋ ತನಕ ಒಳಗೆ ಹೋಗಬ್ಯಾಡ. ರೊಟ್ಟಿಯೋ ಅಂಬಲಿಯೋ, ಅವನನ್ನೇ ಕೇಳು.

ಕರೆದಾಗ ಅವನ ಮೊಖ ಒದ್ದೆ ಇದ್ರೆ, ಸ್ನಾನದ ನೀರು ಅನ್ಕ.

ನಿನ್ನ ಅಣ್ಣ