ಹೇಳಿ ಹೋಗುವ ಅಭ್ಯಾಸ

ಮಾರ್ಚ್ ೩, ಭಾನುವಾರ

ಇವತ್ತೂ ಬಚ್ಚಲ ಬಾಗಿಲು ಹಾಕಿಕೊಳ್ಳಲು ಮರೆತೆ. ಅರ್ಧ ಸ್ನಾನದಲ್ಲಿ ನೆನಪಾಯಿತು. ಎದ್ದು ಹಾಕಿದೆ. ಮನೆಯಲ್ಲಿ ನರಪಿಳ್ಳೆ ಇಲ್ಲ, ಯಾರಿಗೋಸ್ಕರ ಚಿಲಕ? ಆದರೂ ರೂಢಿಯಾಗಬೇಕು. ಮುಂದಿನ ತಿಂಗಳು ಈ ಮನೆಯಲ್ಲಿ ಒಬ್ಬ ಹೆಂಗಸು, ಎಂಟು ವರ್ಷದ ಹುಡುಗಿ ಇರುತ್ತಾರೆ. ನನ್ನ ಹೆಂಡತಿ. ನನ್ನ... ಮಗಳು ಎಂದು ಬರೆಯಲು ಕೈ ಬರುತ್ತಿಲ್ಲ.

ಅಕ್ಕ ಫೋನ್ ಮಾಡಿದ್ದಳು. “ಬಾಣಲೇಲೇ ತಿನ್ನೋದು ಬಿಟ್ಯೇನೋ? ಮಗು ನೋಡಿ ಅದನ್ನೇ ಕಲಿಯುತ್ತೆ.” ತಟ್ಟೆ ತಂದಿದ್ದೇನೆ ಎಂದೆ. “ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರೆ. ನಿನ್ನದು ನಲವತ್ತೆರಡಕ್ಕೆ ಬಿಡ್ತಲ್ಲೋ!” ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮನೆ ಮತ್ತೆ ಗಪ್‌ಚಿಪ್.

ಮಾರ್ಚ್ ೬

ಇಡೀ ದಿನ ಲಿಫ್ಟ್ ರಿಪೇರಿ. ಲಿಫ್ಟಿನ ಕೆಳಗಿನ ಗುಂಡಿಯೊಳಗೆ ನಾನು, ಗ್ರೀಸು, ಟಾರ್ಚು. ನನ್ನ ಜೊತೆ ನಾನೇ ಮಾತಾಡುತ್ತೇನೆ — ಬೈಯುವುದೂ ಉಂಟು.

ಮಧ್ಯಾಹ್ನ ಆಕೆ ತಮ್ಮ ಔಷಧಿ ಅಂಗಡಿಯಿಂದ ಫೋನ್ ಮಾಡಿದರು. ಭಾನುವಾರ ಮಗಳೊಂದಿಗೆ ಮನೆ ನೋಡಲು ಬರುತ್ತಾರಂತೆ. “ನನಗೆ ಒಪ್ಪಿಗೆ. ಆದ್ರೆ ಅವಳು ಬೇಡ ಅಂದ್ರೆ ಬೇಡ. ಈಗ್ಲೇ ಹೇಳ್ಬಿಡ್ತೀನಿ.” ನ್ಯಾಯವೇ. ಗಂಡ ಆಫೀಸಿಗೆ ಹೋಗುವಾಗ ಅಪಘಾತದಲ್ಲಿ ಹೋಗಿ ಮೂರು ವರ್ಷ. ಅಂದಿನಿಂದ ತಾಯಿಗೆ ಮಗಳು, ಮಗಳಿಗೆ ತಾಯಿ.

ಚಿಕ್ಕ ಕೋಣೆಗೆ ಹಳದಿ ಬಣ್ಣ ಹೊಡೆದೆ. ಮುಂದಿನ ಕೋಣೆಯ ಕಿಟಕಿಗೆ ಹೊಸ ಪರದೆ, ದಪ್ಪನೆಯದು.

ಮಾರ್ಚ್ ೧೦, ಭಾನುವಾರ ಸಂಜೆ

ಕೆಡಿಸಿದೆ. ಎಲ್ಲ ಕೆಡಿಸಿದೆ.

ಬಂದರು. ಹುಡುಗಿ ಅಮ್ಮನಿಗೆ ಅಂಟಿಕೊಂಡು ಸೋಫಾದ ತುದಿಯಲ್ಲಿ ಕೂತಳು. ಹೊರಗೆ ಮೋಡ, ಅದರ ಮೇಲೆ ಈ ದಪ್ಪ ಪರದೆ — ಹಗಲಲ್ಲೇ ಲೈಟ್ ಹಾಕಿದ್ದೆ. ಜ್ಯೂಸ್ ತರಲು ಎದ್ದೆ. ಹೋಗುತ್ತಾ ಲೈಟ್ ಆರಿಸಿದೆ! ಇಪ್ಪತ್ತು ವರ್ಷದ ಅಭ್ಯಾಸ. ನಾನು ಕೋಣೆ ಬಿಟ್ಟರೆ ಅಲ್ಲಿ ಯಾರೂ ಇರುವುದಿಲ್ಲ. ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಗೊಣಗುತ್ತಾ ಲೋಟ ತೊಳೆಯುತ್ತಿದ್ದೆ. ಕತ್ತಲೆಯಿಂದ ಸಣ್ಣ ದನಿ:

“ಅಮ್ಮಾ, ನಾವಿಲ್ಲಿದೀವಿ ಅನ್ನೋದೇ ಅಂಕಲ್‌ಗೆ ಮರೆತುಹೋಯ್ತಾ?”

ಓಡಿ ಬಂದು ಲೈಟ್ ಹಾಕಿದೆ. ಆಕೆ ನಗುತ್ತಿದ್ದರು. ಹುಡುಗಿ ನಗಲಿಲ್ಲ. ಜ್ಯೂಸ್ ಮುಟ್ಟಲಿಲ್ಲ. ಹಳದಿ ಕೋಣೆ ನೋಡಲೂ ಏಳಲಿಲ್ಲ.

ಇಲ್ಲ ಪುಟ್ಟಿ ಎನ್ನಬಹುದಿತ್ತು. ಆದರೆ ನಿಜವಾಗಿಯೂ ಮರೆತಿದ್ದೆ.

ಮಾರ್ಚ್ ೧೧

ಆಕೆಯ ಫೋನ್. “ಸ್ವಲ್ಪ ದಿನ ಹೋಗ್ಲಿ. ರಿಜಿಸ್ಟ್ರಾರ್ ಆಫೀಸಿನ ಡೇಟ್ ಈಗ್ಲೇ ಬೇಡ.” ಹೂಂ ಎಂದೆ.

ಮಾರ್ಚ್ ೨೭

ಬರೆಯಲು ಏನಿದೆ. ಕೆಲಸ, ಮನೆ. ಮತ್ತೆ ಬಾಣಲೆಯಲ್ಲೇ ತಿಂದೆ.

ಹಳದಿ ಕೋಣೆಯ ಪುಟ್ಟ ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆ. ಮೊದಲೆಲ್ಲ ಒಬ್ಬನೇ ಇದ್ದೇನೆ ಅನಿಸುತ್ತಲೇ ಇರಲಿಲ್ಲ. ಈಗ ಅನಿಸುತ್ತದೆ, ತಡೆಯಲಾಗುತ್ತಿಲ್ಲ. ಸುಮ್ಮನಿರಲಾರದೆ ಕೆರೆದು ಹುಣ್ಣು ಮಾಡಿಕೊಂಡೆ.

ಏಪ್ರಿಲ್ ೪, ಸಂಜೆ

ಅಂಗಡಿಗೆ ಬದಲಿ ಯಾರೂ ಬಂದಿಲ್ಲ, ಮಗಳನ್ನು ಸ್ಕೂಲಿನಿಂದ ಕರೆತರುತ್ತೀರಾ ಎಂದು ಆಕೆ ಕೇಳಿದರು. ಕೈಯ ಗ್ರೀಸನ್ನೂ ತೊಳೆಯದೆ ಓಡಿದೆ.

ಅರ್ಧ ದಾರಿ ಹುಡುಗಿ ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಆಮೇಲೆ —

“ಅವತ್ತು ಅಡುಗೆಮನೇಲಿ ಯಾರ ಜೊತೆ ಮಾತಾಡ್ತಿದ್ರಿ?”

“ನನ್ನ ಜೊತೆನೇ ಪುಟ್ಟಿ.”

“ಉತ್ತರ ಬರುತ್ತಾ?”

“ಬರುತ್ತೆ. ಬರೀ ಬೈಗುಳ.”

ನಗು ತಡೆದುಕೊಂಡಳು. ರಸ್ತೆ ದಾಟುವಾಗ ಕೈ ಕೊಟ್ಟಳು. ದಾಟಿದ ಮೇಲೆ ಬಿಡಿಸಿಕೊಂಡಳು. ಅವರ ಮನೆ ಬಾಗಿಲಲ್ಲಿ ನಿಂತು ಹೇಳಿದಳು:

“ನಾವು ಬರ್ತೀವಿ. ಆದ್ರೆ ನೀವು ಎಲ್ಲಿಗೆ ಹೋದ್ರೂ ಹೇಳಿ ಹೋಗ್ಬೇಕು. ಅಂಗಡಿಗೆ ಹೋದ್ರೂ. ನಾನು ಮಲಗಿದ್ರೆ ಎಬ್ಬಿಸಿ ಹೇಳ್ಬೇಕು. ಅಪ್ಪ ಎಬ್ಬಿಸ್ಲಿಲ್ಲ.”

ಆಗಲಿ ಎಂದೆ.

ಏಪ್ರಿಲ್ ೫, ಬೆಳಿಗ್ಗೆ

ಕೆಲಸಕ್ಕೆ ಹೊರಟೆ. ಬಾಗಿಲು ತೆಗೆದವನು ನಿಂತೆ. ಅವರು ಬರಲು ಇನ್ನೂ ದಿನವಿದೆ. ಆದರೂ ಹಳದಿ ಕೋಣೆಯ ಕಡೆ ತಿರುಗಿ, “ಕೆಲಸಕ್ಕೆ ಹೋಗ್ಬರ್ತೀನಿ” ಎಂದೆ. ನನಗೇ ಕೇಳಿಸಲಿಲ್ಲ. ಲಿಫ್ಟಿಗೆ ಬೈಯುವಾಗ ಎಂಥಾ ಗಂಟಲು! ಈ ಮನೆಯಲ್ಲಿ ಈ ಮಾತು ಒಂದು ದಿನವೂ ಆಡಿದವನಲ್ಲ ನಾನು. ಯಾರಿಗೆ ಆಡಲಿ? ಅಳು ಬಂತು. ಬೂಟು ಹಾಕಿಕೊಂಡೇ ವಾಪಸ್ ಬಂದು ಬರೆಯುತ್ತಿದ್ದೇನೆ. ಬಸ್ ಹೋಯಿತೆಂದು ಕಾಣುತ್ತದೆ. ಹೋಗಲಿ. ಇನ್ನೊಂದು ಸಲ, ಮಲಗಿದ ಮಗುವಿಗೂ ಕೇಳುವ ಹಾಗೆ ಹೇಳಿ ಹೋಗುತ್ತೇನೆ.