ಎದುರಿನವರ ವಾದವನ್ನೂ ನಾನೇ ಓದಿದೆ

ಪ್ರೀತಿಯ ಅಕ್ಕಾ,

ನಮ್ಮನೆಯ ಬಾಯಿಲ್ಲದ ಹುಡುಗಿ, ಅಂದರೆ ನಾನು, ಇವತ್ತು ಮೈಕಿನ ಮುಂದೆ ಮಾತಾಡಿದೆ, ನಂಬು. ಯಾರಾದರೂ ದೂರು ಕೊಟ್ಟ ಕೂಡಲೇ ಅಂತರ್ಜಾಲದ ಪುಟ ತೆಗೆಯದಿದ್ದರೆ ಬರೆದವರಿಗೇ ದಂಡ ಎನ್ನುವ ಕರಡು ಕಾನೂನಿನ ಬಗ್ಗೆ ಶಾಸಕರ ಸಮಿತಿಯ ಮುಂದೆ ವಿಚಾರಣೆಯಿತ್ತು. ಅದು ಜಾರಿಯಾದರೆ ನಾವೆಲ್ಲ ಸಂಬಳವಿಲ್ಲದೆ ಬರೆಯುವ ಆನ್‌ಲೈನ್ ವಿಶ್ವಕೋಶಕ್ಕೆ ಬೀಗವೇ ಗತಿ. ನಮ್ಮ ಮನವಿಯನ್ನು ಎಲ್ಲರೂ ಸೇರಿ ಬೆಳಿಗ್ಗೆಯವರೆಗೂ ತಿದ್ದುತ್ತಲೇ ಇದ್ದರು. ಮೈಕಿನಲ್ಲಿ ಅದನ್ನು ಓದುತ್ತಾ ಹೋದರೆ ನಡುವೆ ಒಂದು ಪ್ಯಾರಾ, ಆ ಕಾನೂನು ಯಾಕೆ ಬೇಕು ಅಂತ! ಎರಡೂ ಕಡೆಯ ಮಾತು ಹೇಳಲೇಬೇಕೆಂಬ ನಮ್ಮ ಅಭ್ಯಾಸದಲ್ಲಿ ಯಾರೋ ಸೇರಿಸಿಬಿಟ್ಟಿದ್ದಾರೆ. ನಿಲ್ಲಿಸಲು ಧೈರ್ಯ ಸಾಲದೆ ಅದನ್ನೂ ಓದಿಬಿಟ್ಟೆ.

ಪಕ್ಕದಲ್ಲಿದ್ದ, ನಮ್ಮ ಜೊತೆ ಬರೆಯುವ ಗ್ರಂಥಪಾಲಕಿ "ಮುಗೀತು ಕಣೇ" ಎಂದು ತಲೆಯ ಮೇಲೆ ಕೈ ಹೊತ್ತರು. ಸಮಿತಿಯ ಅಧ್ಯಕ್ಷೆ ಮಾತ್ರ ನಕ್ಕುಬಿಟ್ಟರು. "ಈ ಕಾನೂನು ಯಾಕೆ ಬೇಕು ಅಂತ ನಮ್ಮ ವಕೀಲರೇ ಇಷ್ಟು ಚೆನ್ನಾಗಿ ಹೇಳ್ಲಿಲ್ಲಮ್ಮ. ನಿಮ್ಮ ಪುಟಗಳೂ ಹೀಗೇ ಇರ್ತವಾ?" "ಹೂಂ" ಎಂದೆ, ಅಷ್ಟೇ ಹೊರಟಿತು. ಸಂಜೆ, ಹೀಗೆ ಎರಡೂ ಕಡೆ ಬರೆಯುವ ಸ್ವಯಂಸೇವಕರಿಗೆ ದಂಡವಿಲ್ಲವೆಂದು ಸಮಿತಿ ತೀರ್ಮಾನಿಸಿತು. ಅಬ್ಬಾ, ಹೋದ ಜೀವ ಬಂತು.

ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆಯೆದ್ದಿದೆ, ಬೇರೆಲ್ಲ ಆರಾಮ. ಭಾವನಿಗೆ ಹೇಳು: ಕಾರ್ಖಾನೆ ಹೊಲಸು ಮಾಡಿದ ಕಾಲುವೆಯ ಬಗ್ಗೆ ವಿಶ್ವಕೋಶದಲ್ಲಿ ಬರೆದು, ಹೆದರಿ ಅಳಿಸಿದ್ದರಲ್ಲ, ಆ ಪುಟವನ್ನು ಮತ್ತೆ ಹಾಕಲಿ. ಕಾರ್ಖಾನೆಯವರು ಏನನ್ನುತ್ತಾರೆ ಎನ್ನುವುದನ್ನೂ ಸೇರಿಸಲಿ.

ಕಾರ್ಡು ತುಂಬಿತು.
ನಿನ್ನ ತಂಗಿ