ಫೈನಲ್ ಮುಗಿಯುವವರೆಗೆ

ಫುಶುನ್,
೨೦ ನವೆಂಬರ್ ೧೯೯೪

ಚಿರಂಜೀವಿ ಗುಯಿಚಿನ್‌ಗೆ ತಂದೆಯ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳೂ ತಲುಪಿವೆ. ಉತ್ತರಕ್ಕೆ ನಲವತ್ತು ದಿನ ಹಿಡಿದದ್ದಕ್ಕೆ ಕ್ಷಮೆಯಿರಲಿ. ಸಿದ್ಧತೆಯಿಲ್ಲದೆ ಮಾತಿಗೆ ನಿಲ್ಲುವುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದಲೂ ನನಗೆ ಒಗ್ಗದು. ಇಲ್ಲಿ ಹಿಮ ಬಿದ್ದಿದೆ. ಚಳಿಗಾಲದ ಎಲೆಕೋಸಿಗೆ ಈ ಸಲ ನಾನೇ ಉಪ್ಪು ಹಾಕಿಟ್ಟೆ, ಜಾಡಿಯೆಲ್ಲ ಕೊಳೆತುಹೋಯಿತು.

ಮೊನ್ನೆ ನಿನ್ನ ಕೋಚ್ ಗೆಂಗ್ ಬಂದಿದ್ದರು. "ಲುವಾನ್ ಮೇಷ್ಟ್ರೇ, ನೂರಾ ಹದಿನೆಂಟು ಕೆ.ಜಿ. ಹುಡುಗಿ ಮೂಲೆ ಹಿಡ್ಕೊಂಡು ಕೂತ್ಬಿಟ್ಟಿದ್ದಾಳೆ. ಜೂಡೋ ಅಂಗಿ ಮುಟ್ಟಲ್ಲ ಅಂತಾಳೆ. ಬೈದ್ರೆ ಗೋಡೆ ನೋಡ್ತಾಳೆ. ನೀವೇ ಏನಾದ್ರೂ ಹೇಳಿ, ಮಾತಲ್ಲಿ ನಿಮ್ಮನ್ನ ಸೋಲಿಸೋರು ಯಾರಿದ್ದಾರೆ?" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಜೂಡೋ ಬಿಟ್ಟು ಏನಾಗುವೆ? ಹನ್ನೊಂದನೆಯ ವಯಸ್ಸಿಗೆ ನಿನ್ನನ್ನು ಕ್ರೀಡಾಶಾಲೆಗೆ ಸೇರಿಸಿದಾಗ ನೆರೆಮನೆಯ ಫೆಂಗ್ ಅಜ್ಜಿ, "ಇವಳನ್ನ ಯಾವನು ಕಟ್ಕೊಳ್ತಾನಪ್ಪಾ? ಮಂಚ ಮುರಿಯುತ್ತೆ!" ಎಂದು ಓಣಿಯನ್ನೆಲ್ಲ ನಗಿಸಿದ್ದಳು. ಆ ನಗೆಯನ್ನು ನಿಲ್ಲಿಸಿದ್ದು ನಿನ್ನ ನಾಲ್ಕು ರಾಷ್ಟ್ರೀಯ ಪದಕಗಳೇ ಹೊರತು ಕಣ್ಣೀರಲ್ಲ.

ಇನ್ನು ನಿನ್ನ ಆರೋಪ. ಅಮ್ಮನ ಸಾವನ್ನು ಹನ್ನೆರಡು ದಿನ, ವಿದೇಶದ ಆ ಫೈನಲ್ ಮುಗಿಯುವವರೆಗೆ, ಮುಚ್ಚಿಟ್ಟದ್ದು ನಿಜ. ತಂಡದವರೂ ಒಪ್ಪಿದ್ದರು, ಆಟಗಾರರ ಮನೆಗಳಲ್ಲಿ ಇದು ಹೊಸತೂ ಅಲ್ಲ. ನೀನು ಓಣಿಯ ಅಂಗಡಿಯ ಫೋನಿಗೆ ಮೂರು ಸಲ ಕರೆ ಮಾಡಿದೆ. ಮೊದಲ ಸಲ, ಅಮ್ಮ ಮಾಂಸ ತರಲು ಹೋಗಿದ್ದಾಳೆ ಎಂದೆ. ಎರಡನೆಯ ಸಲ, ತಲೆ ತೊಳೆದುಕೊಳ್ಳುತ್ತಿದ್ದಾಳೆ ಎಂದೆ. ಮೂರನೆಯ ಸಲ, "ಅಪ್ಪಾ, ಸುಳ್ಳು ಹೇಳ್ಬೇಡಿ, ಅವಳಿಗೇನಾಗಿದೆ?" ಎಂದು ನೀನು ಪಟ್ಟು ಹಿಡಿದಾಗ, "ಹೋದ ವರ್ಷ ನೀನು ಸೋತಿದ್ದಕ್ಕೆ ಇನ್ನೂ ಮುನಿಸು ಅವಳಿಗೆ. ಗೆದ್ರೆ ಮಾತಾಡ್ತಾಳಂತೆ," ಎಂದೆ.

ಫೈನಲ್‌ನಲ್ಲಿ ನೀನು ಎದುರಾಳಿಯನ್ನು ನಲವತ್ತೊಂದು ಸೆಕೆಂಡಿನಲ್ಲಿ ಬೆನ್ನ ಮೇಲೆ ಕೆಡವಿದೆ. ಟಿ.ವಿ.ಯಲ್ಲಿ, "ಅಮ್ಮಾ, ಗೆದ್ದೆ! ಈಗ ಮಾತಾಡ್ತೀಯಲ್ಲ?" ಎಂದು ಕೂಗಿದೆ. ನಮ್ಮ ಕೋಣೆಯಲ್ಲಿ ತುಂಬಿದ್ದ ಓಣಿಯ ಜನ ಕಪ್ಪು ಪಟ್ಟಿ ಕಟ್ಟಿದ ನಿನ್ನ ಅಮ್ಮನ ಫೋಟೋ ನೋಡಿ ತಲೆ ತಗ್ಗಿಸಿದರು. ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ನನ್ನ ತೀರ್ಮಾನವನ್ನು ಫಲಿತಾಂಶವೇ ಸಮರ್ಥಿಸಿದೆ.

ಅಮ್ಮ ಕೊನೆಗೆ ಏನೆಂದಳು ಎಂದು ಎರಡೂ ಪತ್ರಗಳಲ್ಲಿ ಕೇಳಿದ್ದೀಯೆ. 'ಮಗಳು ಆಡಲಿ, ನನಗಾಗಿ ಬರುವುದು ಬೇಡ' ಎಂದಳೆಂದು ಪತ್ರಿಕೆಯಲ್ಲೇ ಬಂದಿದೆಯಲ್ಲ. ಸೋಮವಾರದಿಂದ ಅಭ್ಯಾಸಕ್ಕೆ ಇಳಿ. ಮೊಣಕಾಲಿಗೆ ಬಿಸಿ ಶಾಖ ಕೊಟ್ಟುಕೋ. ನಿನ್ನ ತೋಳಿನ ಬಲ ಕುಂದದಿರಲಿ, ಆಯುಸ್ಸು ದೀರ್ಘವಾಗಲಿ.

ನಿನ್ನ ತಂದೆ,
ಲುವಾನ್ ಶೌಯಿ

ತಾ.ಕ.: ಪತ್ರಿಕೆಗೆ ಆ ಮಾತನ್ನು ಕೊಟ್ಟವನು ನಾನು. ನಿನ್ನ ಮೊದಲ ಎರಡು ಕರೆಗಳು ಬಂದಾಗ ಅಮ್ಮ ಆಸ್ಪತ್ರೆಯಲ್ಲಿ ಬದುಕಿದ್ದಳು. ನೀನಿನ್ನೂ ಬೀಜಿಂಗಿನ ಶಿಬಿರದಲ್ಲಿದ್ದೆ. ರೈಲು ಹತ್ತಿದ್ದರೆ ಮರುದಿನ ಅವಳ ಪಕ್ಕದಲ್ಲಿರುತ್ತಿದ್ದೆ. "ಅವಳನ್ನ ಕರೆಸಿ, ಒಂದ್ಸಲ ನೋಡ್ತೀನಿ," ಎಂದಳು. ಮಂಚದ ಪಕ್ಕ ನಿಂತು, ಕರೆಸಬಾರದೆಂಬುದಕ್ಕೆ ಮೂರು ಕಾರಣಗಳನ್ನು ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡಳು. "ಆಯ್ತು ಬಿಡಿ, ನೀವೇ ಗೆದ್ರಿ," ಎಂದು ಗೋಡೆಯ ಕಡೆ ತಿರುಗಿದಳು. ಮತ್ತೆ ಮಾತಾಡಲಿಲ್ಲ. ಆ ಮೂರು ಕಾರಣಗಳಲ್ಲಿ ಒಂದೂ ಈಗ ನನಗೆ ನೆನಪಾಗುತ್ತಿಲ್ಲ.